ಹತ್ತು ಗುಂಟೆಯಲ್ಲಿ ಬದುಕು ಕಟ್ಟಿದ ಬೀಜದ ಬೆಳೆ



ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಮ್ಮೆಯಾದರೂ ಹೋಗಿ ಬಂದವರಿಗೆ ಆ ಕೆಂಪು ರಾಶಿಗಳ ನೋಟ ಮರೆಯುವಂಥದ್ದಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಆ ಚೀಲಗಳು ಯಾವ ಊರಿನಿಂದ ಬಂದವೆಂದು ಕೇಳುತ್ತ ಹೋಗಿರಿ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಹೆಸರುಗಳೇ ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ. ನಮ್ಮ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಎಷ್ಟೋ ಒಕ್ಕಲುಗಳು ಮುಟುರು ರೋಗದ ಕಾಟಕ್ಕೆ ಬೇಸತ್ತು ಮೆಣಸಿನಕಾಯಿ ಬಿಟ್ಟು ಗೋವಿನಜೋಳ ಬಿತ್ತಿದ್ದಾರೆ.

ಹತ್ತು ಎಕರೆ ಇದ್ದವರಿಗೆ ಗೋವಿನಜೋಳ ಸರಿ. ಒಂದೂವರೆ ಎಕರೆ ಇದ್ದವರು ಏನು ಮಾಡಬೇಕು? ಇದಕ್ಕೆ ಒಂದು ಉತ್ತರವನ್ನು ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ಹೊಲದಲ್ಲಿ ಕಂಡೆನು. ಹೆಸರು ಹಾಕುವುದು ಬೇಡವೆಂದು ಆ ಮನೆಯವರು ಹೇಳಿದ್ದರಿಂದ ಹಾಕಿಲ್ಲ.

ಆ ದಂಪತಿಗಳ ಮೆಣಸಿನಕಾಯಿ ಎರಡು ವರ್ಷ ಸತತವಾಗಿ ಮುಟುರಿಗೆ ತುತ್ತಾಯಿತು. ಕೊರೆಸಿದ ಬೋರ್‌ವೆಲ್ ಬತ್ತಿತು. ಅದಕ್ಕೆ ಮಾಡಿದ ಸಾಲ ಮಾತ್ರ ಬತ್ತಲಿಲ್ಲ. ಯಜಮಾನರು ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದರು. ಅವರ ಮನೆಯವರು ಊರಿನಲ್ಲೇ ಉಳಿದು ಬೀಜೋತ್ಪಾದನೆ ಮಾಡುವ ದೊಡ್ಡ ಹಿಡುವಳಿದಾರರ ಟೊಮ್ಯಾಟೊ ಹೊಲಕ್ಕೆ ಕೂಲಿಗೆ ಹೊರಟರು. ಮಾಡುತ್ತಿದ್ದ ಕೆಲಸ, ನಮ್ಮ ಕಡೆಯವರು ‘ಕ್ರಾಸಿಂಗ್’ ಎನ್ನುವುದು. ಮೂರು ವರ್ಷ ಹೀಗೆ ನಡೆದ ಮೇಲೆ ಒಂದು ದಿನ ಆ ತಾಯಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, “ಸಾಹೇಬ್ರ, ಮಂದಿ ಹೊಲದಾಗ ನಾ ದಿನಾ ಮಾಡೂದು ಇದನ್ನ. ನಮ್ಮ ಹೊಲದಾಗ ಮಾಡಿದ್ರ ಏನಾಗತೈತಿ?” ಎಂದು ಕೇಳಿದರು. ಪ್ರಾಮಾಣಿಕವಾಗಿ ಹೇಳುವುದಾದರೆ ಈ ಮಾತು ನನಗೆ ಮೊದಲೇ ಹೊಳೆಯಬೇಕಾಗಿತ್ತು.

ಈ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ, ವಾಣಿಜ್ಯ ಬೇಸಾಯಕ್ಕೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಅದು. ಅನಂತರ 1981ರಲ್ಲಿ ‘ಜಯಲಕ್ಷ್ಮಿ’ ಎಂಬ ಡಿಸಿಎಚ್-32 ಬಂದಿತು. ಇಂಥ ಹತ್ತಿಯ ಬೀಜವನ್ನು ಪ್ರತಿ ವರ್ಷ ಹೊಸದಾಗಿ, ಒಂದೊಂದು ಹೂವನ್ನೂ ಕೈಯಿಂದ ಮುಟ್ಟಿ ತಯಾರಿಸಬೇಕು. ಹತ್ತಿಯಲ್ಲಿ ಪಳಗಿದ ಕೈಗಳು ಮುಂದೆ ಟೊಮ್ಯಾಟೊ, ಬೆಂಡೆ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿಗೂ ಹೊಂದಿಕೊಂಡವು. ಇಂದು ತರಕಾರಿ ಹೈಬ್ರಿಡ್ ಬೀಜವೆಂದರೆ ರಾಣೆಬೆನ್ನೂರಿನ ಹೆಸರು ದೇಶದಲ್ಲೆಲ್ಲ ಕೇಳಿಬರುತ್ತದೆ.

ಟೊಮ್ಯಾಟೊದ ಕೆಲಸ ಹೇಗೆಂದು ನೋಡೋಣ. ಗಂಡು ಗಿಡಗಳ ಸಸಿಯನ್ನು ಎರಡು-ಮೂರು ವಾರ ಮೊದಲೇ ಬೇರೆ ಮಡಿಯಲ್ಲಿ ಬೆಳೆಸಬೇಕು. ಹೆಣ್ಣು ಗಿಡದಲ್ಲಿ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಬೇಕು. ಎಸಳು ತಿಳಿ ಹಳದಿಗೆ ತಿರುಗಿರಬೇಕು, ಪೂರ್ತಿ ಬಿಚ್ಚಿರಬಾರದು. ಬಿಚ್ಚಿದ್ದರೆ ತನ್ನ ಪರಾಗವೇ ತನಗೆ ತಗುಲಿರುತ್ತದೆ. ಅಂಥ ಹೂವನ್ನು ಕಿತ್ತು ಹಾಕುವುದೇ ಕ್ಷೇಮ. ಸರಿಯಾದ ಮೊಗ್ಗಿನ ಒಳಗಿನ ಗಂಡು ಕೇಸರದ ಕೊಳವೆಯನ್ನು ಚಿಮಟದಿಂದ ಹಿಡಿದು, ನಡುವಿನ ಶಲಾಕೆಗೆ ಗಾಯವಾಗದಂತೆ ಎಳೆದು ತೆಗೆಯಬೇಕು. ಮರುದಿನ ಮುಂಜಾನೆ, ಗಂಡು ಹೂವಿನಿಂದ ಒಣಗಿಸಿ ಜರಡಿ ಹಿಡಿದಿಟ್ಟ ಪರಾಗವನ್ನು ಆ ಶಲಾಕೆಯ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ ಹೂವಿನ ಹಸಿರು ಪುಷ್ಪಪಾತ್ರೆಯಲ್ಲಿ ಎರಡು ಎಸಳನ್ನು ಕತ್ತರಿಸುತ್ತಾರೆ. ಕಾಯಿ ಹಣ್ಣಾದಾಗಲೂ ಆ ಗುರುತು ತೊಟ್ಟಿನ ಬಳಿ ಹಾಗೆಯೇ ಇರುತ್ತದೆ. ಗುರುತು ಇದ್ದ ಹಣ್ಣು ಬೀಜಕ್ಕೆ, ಇಲ್ಲದ್ದು ಬುಟ್ಟಿಯಿಂದ ಹೊರಗೆ.

ಹೇಳಲು ಇಷ್ಟೇ. ಆದರೆ ಹೂವು ಬಿಡುವ ವಾರಗಳಲ್ಲಿ ಮದುವೆ, ಜಾತ್ರೆ, ಜ್ವರ ಯಾವುದಕ್ಕೂ ಬಿಡುವಿಲ್ಲ. ಒಂದು ಸಂಜೆ ತಪ್ಪಿದರೆ ಆ ಸಂಜೆಯ ಮೊಗ್ಗುಗಳೆಲ್ಲ ತಪ್ಪಿದಂತೆಯೇ. ಒಂದು ಗ್ರಾಂ ಟೊಮ್ಯಾಟೊ ಬೀಜದಲ್ಲಿ ಸುಮಾರು 300 ಕಾಳುಗಳಿರುತ್ತವೆ. ಕಿಲೋ ಬೀಜದ ಹಿಂದೆ ಎಷ್ಟು ಹೂವುಗಳಿವೆ, ಎಷ್ಟು ಸಲ ಬಗ್ಗಿ ಎದ್ದಿದ್ದಾರೆ ಎಂಬ ಲೆಕ್ಕವನ್ನು ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವಾಗ ನಾವು ಯಾರೂ ಮಾಡುವುದಿಲ್ಲ.

ಯಜಮಾನರು ಗೋವಾದಿಂದ ಮರಳಿದರು. ಪಕ್ಕದ ಹೊಲದವರ ಬೋರ್‌ವೆಲ್ಲಿನಿಂದ ನೀರು ಗೊತ್ತುಮಾಡಿಕೊಂಡು, ಹನಿ ನೀರಾವರಿಯ ಪೈಪು ಎಳೆದು, ಹತ್ತು ಗುಂಟೆಗೆ ಟೊಮ್ಯಾಟೊ ಹಾಕಿದರು. ಗಂಡು ಬೀಜ, ಹೆಣ್ಣು ಬೀಜ ಎರಡನ್ನೂ ಕಂಪನಿಯವರು ಆರ್ಗನೈಸರ್ ಮೂಲಕ ಕೊಟ್ಟರು. ಗೊಬ್ಬರ, ಔಷಧಕ್ಕೆ ಮುಂಗಡ ಸಿಕ್ಕಿತು. ಬೀಜದ ದರವೂ ಮೊದಲೇ ನಿಗದಿಯಾಯಿತು. ಇದು ದೊಡ್ಡ ಅನುಕೂಲವೇ ಸರಿ. 2024ರ ಮಾರ್ಚಿನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೇ ಕುಸಿದು, ಸಿಟ್ಟಿಗೆದ್ದ ಬೆಳೆಗಾರರು ಮಾರುಕಟ್ಟೆಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬೇಕು. ಬೀಜದ ಬೆಳೆಯಲ್ಲಿ ಆ ಹೆದರಿಕೆ ಇಲ್ಲ. ಅದರ ಬದಲಿಗೆ ಬೇರೊಂದು ಹೆದರಿಕೆ ಇದೆ.

ಮೊದಲ ವರ್ಷದ ಬೀಜವನ್ನು ಅವರು ತೊಳೆದು, ಒಣಗಿಸಿ, ತೂಕ ಮಾಡಿಸಿ ಕೊಟ್ಟರು. ಕೆಲವು ತಿಂಗಳ ಮೇಲೆ ‘ಫೇಲ್ ಆಗೈತಿ’ ಎಂಬ ಬಾಯಿಮಾತು ಬಂದಿತು. ಕಂಪನಿಯವರು ಆ ಬೀಜದ ಒಂದು ಪಾಲನ್ನು ಬಿತ್ತಿ ಬೆಳೆಸಿ ನೋಡಿದಾಗ ತಾಯಿ ಗಿಡವನ್ನೇ ಹೋಲುವ ಬೆರಕೆ ಗಿಡಗಳು ಮಿತಿಗಿಂತ ಹೆಚ್ಚು ಕಂಡವಂತೆ. ಒಂದು ಹಂಗಾಮಿನ ದುಡಿಮೆ ಹೋಯಿತು. ಮುಂಗಡ ಸಾಲವಾಗಿ ಉಳಿಯಿತು. ಆ ದಿನ ಅವರ ಮನೆಗೆ ಹೋದಾಗ ಯಜಮಾನರು ಮಾತನಾಡಲಿಲ್ಲ. ಗೋವಾದ ಚೀಲ ಮತ್ತೆ ಗೂಟದಿಂದ ಕೆಳಗಿಳಿದಿತ್ತು.

ತಪ್ಪು ಎಲ್ಲಿ ಆಯಿತೆಂದು ಆ ತಾಯಿಯೇ ಕಂಡುಹಿಡಿದರು. ಕ್ರಾಸಿಂಗ್ ಶುರುವಾಗುವ ಮೊದಲೇ ಕೆಳಗಿನ ಗೊಂಚಲುಗಳಲ್ಲಿ ತಾವಾಗಿ ಕಟ್ಟಿದ್ದ ಕಾಯಿಗಳನ್ನು ಪೂರ್ತಿ ಕಿತ್ತಿರಲಿಲ್ಲ. ಕೊಯ್ಲಿನ ಅವಸರದಲ್ಲಿ ಗುರುತಿಲ್ಲದ ಹಣ್ಣುಗಳೂ ಬುಟ್ಟಿಗೆ ಬಿದ್ದಿದ್ದವು. ದೊಡ್ಡವರ ಹೊಲದಲ್ಲಿ ಈ ಕೆಲಸಕ್ಕೆ ಬೇರೆ ಆಳು ಇರುತ್ತಿದ್ದರು, ಆದ್ದರಿಂದ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಾನಾದರೂ ಹೇಳಬೇಕಾಗಿತ್ತು. ಗೊಬ್ಬರದ ಪ್ರಮಾಣ, ಔಷಧದ ಪ್ರಮಾಣ ಬರೆದುಕೊಟ್ಟಿದ್ದೆನೇ ಹೊರತು ಇದೊಂದನ್ನು ಬರೆದಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ವರ್ಷ ಹತ್ತರ ಬದಲು ಐದೇ ಗುಂಟೆ ಹಾಕಿದರು. ಎಲ್ಲವೂ ಮನೆಯವರ ಕೈಯಿಂದಲೇ. ಆ ಬೀಜ ಪಾಸಾಯಿತು. ಮೂರನೆಯ ವರ್ಷ ಮತ್ತೆ ಹತ್ತು ಗುಂಟೆ, ಅದರ ಮುಂದಿನ ವರ್ಷ ನುಸಿ ಮತ್ತು ಬಿಳಿನೊಣ ತಡೆಯಲು ಬಲೆಯ ಮನೆ. ಸಾವಕಾರರ ಸಾಲ ತೀರಿತು. ಒಂದು ಎಮ್ಮೆ ಬಂದಿತು. ಉಳಿದ ಹೊಲಕ್ಕೆ ಇಂದಿಗೂ ಗೋವಿನಜೋಳವೇ. ಮನೆ ನಡೆಯುವುದು ಮಾತ್ರ ಹತ್ತು ಗುಂಟೆಯಿಂದ.

ನಿಮ್ಮಲ್ಲಿ ಯಾರಾದರೂ ಈ ಬೆಳೆಗೆ ಮನಸ್ಸು ಮಾಡುವುದಾದರೆ ಕೆಲವು ಮಾತುಗಳನ್ನು ಗಮನಿಸಿರಿ. ಮನೆಯಲ್ಲಿ ಕ್ರಾಸಿಂಗ್ ಬಲ್ಲವರು ಎಷ್ಟು ಜನ ಎಂದು ನೋಡಿ ಅಷ್ಟೇ ಗುಂಟೆಗೆ ಹಾಕಿರಿ, ನೀರು ಎಷ್ಟಿದೆ ಎಂದು ನೋಡಿ ಅಲ್ಲ. ಒಪ್ಪಂದವನ್ನು ಕನ್ನಡದಲ್ಲಿ ಬರೆಸಿ, ಓದಿಸಿ ಕೇಳಿ, ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿ ಇಡಿರಿ. ದರ, ಹಣ ಕೊಡುವ ಅವಧಿ, ಬೀಜ ಫೇಲ್ ಆದರೆ ಮುಂಗಡದ ಗತಿ ಏನು, ಈ ಮೂರೂ ಅದರಲ್ಲಿರಬೇಕು. ಬೀಜ ಕೊಡುವ ದಿನ ಆರ್ಗನೈಸರ್ ಎದುರಿನಲ್ಲಿಯೇ ಒಂದು ಮಾದರಿಯನ್ನು ಮೊಹರು ಮಾಡಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ, ತೂಕದ ಚೀಟಿ ಬಿಡಬೇಡಿರಿ. ಫೇಲ್ ಎಂದರೆ ಪರೀಕ್ಷೆಯ ವರದಿಯನ್ನು ಬರವಣಿಗೆಯಲ್ಲಿ ಕೇಳಿರಿ. ಟೊಮ್ಯಾಟೊ ಬೀಜ ನೂರಕ್ಕೆ ಕನಿಷ್ಠ 70, ಮೆಣಸಿನಕಾಯಿ ಬೀಜ 60 ಮೊಳೆಯಬೇಕೆಂಬುದು ಪ್ರಮಾಣೀಕರಣದ ಮಟ್ಟ. ಆದರೆ ಹೈಬ್ರಿಡ್ ಬೀಜ ಬರಿ ಮೊಳೆತರೆ ಸಾಲದು, ಶುದ್ಧವೂ ಆಗಿರಬೇಕು. ಸಂದೇಹ ಬಂದರೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನೊಂದು ಮಾತು. ಎಳೆಯ ಬೆರಳಿಗೆ ಚಿಮಟ ಚೆನ್ನಾಗಿ ಕೂಡುತ್ತದೆಂದು ಹತ್ತಿ ಬೀಜದ ಹೊಲಗಳಲ್ಲಿ ಶಾಲೆ ಬಿಡಿಸಿ ಮಕ್ಕಳನ್ನು ದುಡಿಸಿದ ಕೆಟ್ಟ ಹೆಸರು ಈ ಉದ್ಯೋಗಕ್ಕೆ ಇದೆ. ಹದಿನಾಲ್ಕು ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಎಲ್ಲ ಉದ್ಯೋಗಗಳಲ್ಲಿಯೂ ಅಪರಾಧ. ಅಪರಾಧವಲ್ಲದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಈ ಮನೆಯ ಮಗಳು ಪಿಯುಸಿ ಓದುತ್ತಿದ್ದಾಳೆ. ಚಿಮಟ ಹಿಡಿಯಲು ಬರುತ್ತದೆಯೇ ಎಂದು ಕೇಳಿದೆ. “ಬರತೈತ್ರಿ, ಆದ್ರ ಅವ್ವ ಮುಟ್ಟಗೊಡೂದಿಲ್ಲ” ಎಂದಳು.

ಆ ಕಡೆ ಹೋಗಿ ಇಂಥ ಹೊಲವನ್ನು ಕಣ್ಣಾರೆ ನೋಡಬೇಕೆನ್ನುವವರು ಸಂಜೆ ನಾಲ್ಕರ ಸುಮಾರಿಗೆ ಹೋಗಿರಿ, ಇಲ್ಲವೇ ಮುಂಜಾನೆ ಹನ್ನೊಂದರ ಒಳಗೆ. ನಡುಹಗಲು ಹೋದರೆ ಹೊಲದಲ್ಲಿ ಯಾರೂ ಇರುವುದಿಲ್ಲ.