ತಂತ್ರಾಂಶದ ಆಯುಷ್ಯ, ದಾಖಲೆಯ ಆಯುಷ್ಯ

ಜಯನಗರ ನಾಲ್ಕನೆಯ ಬ್ಲಾಕಿನ ಮಳಿಗೆಗಳಿಂದ ಹಿಡಿದು ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಸಣ್ಣ ಕಚೇರಿಗಳವರೆಗೆ, ವ್ಯಾಪಾರದ ಕಾಗದಪತ್ರಗಳು ಇಂದು ಬಹುಮಟ್ಟಿಗೆ ಪಿಡಿಎಫ್ ಕಡತಗಳಾಗಿಯೇ ಓಡಾಡುತ್ತಿವೆ. ಖರೀದಿ ಬಿಲ್ಲು, ಬಾಡಿಗೆ ಕರಾರು, ಬ್ಯಾಂಕ್ ವಿವರಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ಪುಟಗಳನ್ನು ಕ್ರಮವಾಗಿ ಜೋಡಿಸಿ ಲೆಕ್ಕಪರಿಶೋಧಕರಿಗೆ ಕಳುಹಿಸುವುದು ನಿತ್ಯದ ಕೆಲಸ. ಈ ಕೆಲಸಕ್ಕೆಂದೇ ಇದ್ದ ಪುಟ್ಟ ಮುಕ್ತ ತಂತ್ರಾಂಶವೊಂದರ ಕಥೆಯಲ್ಲಿ ನಮ್ಮ ವರ್ತಕ ಬಂಧುಗಳಿಗೆ ಉಪಯುಕ್ತವಾದ ಪಾಠವಿದೆ.

ಅದರ ಹೆಸರು ಪಿಡಿಎಫ್ ಷಫ್ಲರ್. ಪುಟಗಳ ಚಿಕ್ಕ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, ಅವುಗಳನ್ನು ಹಿಂದುಮುಂದು ಮಾಡಲು, ತಿರುಗಿಸಲು, ತೆಗೆದುಹಾಕಲು, ಹಲವು ಕಡತಗಳನ್ನು ಒಂದಾಗಿಸಲು ಅದು ಅನುವು ಮಾಡಿಕೊಡುತ್ತಿತ್ತು. ಆದರೆ ಅದನ್ನು ರಚಿಸಿದ್ದು ಪೈಥಾನ್ 2 ಭಾಷೆಯಲ್ಲಿ. ಕ್ರಮೇಣ ಹೊಸ ಆವೃತ್ತಿಗಳು ನಿಂತುಹೋದವು. 2020ರ ಜನವರಿ 1ರಂದು ಪೈಥಾನ್ 2ರ ಅಧಿಕೃತ ಬೆಂಬಲವೂ ಕೊನೆಗೊಂಡಿತು. ಹೊಸ ಲಿನಕ್ಸ್ ಬಿಡುಗಡೆಗಳಲ್ಲಿ ಹಳೆಯ ತಂತ್ರಾಂಶಕ್ಕೆ ನೆಲೆಯಿಲ್ಲದಂತಾಯಿತು.

ಮೂಲಸಂಕೇತ ಗುಟ್ಟಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮುಕ್ತ ಪರವಾನಗಿ ಇದ್ದುದರಿಂದ ಬೇರೆ ಸ್ವಯಂಸೇವಕರು ಅದನ್ನು ಕೈಗೆತ್ತಿಕೊಂಡು ಪೈಥಾನ್ 3ಕ್ಕೆ ಒಗ್ಗಿಸಿದರು. ಹೀಗೆ ರೂಪುಗೊಂಡ ಉತ್ತರಾಧಿಕಾರಿಯೇ ಪಿಡಿಎಫ್ ಅರೇಂಜರ್. ಇದು ಲಿನಕ್ಸ್ ಮಾತ್ರವಲ್ಲದೆ ವಿಂಡೋಸ್ ಗಣಕಗಳಲ್ಲಿಯೂ ಕೆಲಸ ಮಾಡುತ್ತದೆ, ಉಚಿತವಾಗಿ ದೊರೆಯುತ್ತದೆ.

ಇದರಲ್ಲಿ ವರ್ತಕರ ಹಿತವೇನು? ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಪ್ರಕರಣದಂತೆ, ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಬೇಕು. ಮೇಲ್ಮನವಿ ಇತ್ಯರ್ಥವಾಗದಿದ್ದರೆ ಅವಧಿ ಇನ್ನೂ ಹೆಚ್ಚಬಹುದು. ಅಷ್ಟರಲ್ಲಿ ತಂತ್ರಾಂಶ ನಿಂತುಹೋಗಬಹುದು. ದಾಖಲೆ ಮಾತ್ರ ತೆರೆಯಲೇಬೇಕು. ಪಿಡಿಎಫ್ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ್ದರಿಂದ ಇಲ್ಲಿ ಕಡತಗಳಿಗೆ ಧಕ್ಕೆಯಾಗಲಿಲ್ಲ. ಒಂದೇ ತಂತ್ರಾಂಶಕ್ಕೆ ಮಾತ್ರ ಅರ್ಥವಾಗುವ ರೂಪದಲ್ಲಿ ಲೆಕ್ಕ ಇಟ್ಟವರಿಗೆ ಈ ಸೌಲಭ್ಯವಿಲ್ಲ.

ಬದಲಾವಣೆಗೆ ಮುನ್ನ ಕೆಲವು ಎಚ್ಚರಿಕೆಗಳು ಅಗತ್ಯ. ಮೊದಲಿಗೆ ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿರಿಸಬೇಕು. ಹೊಸ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದ ಅಥವಾ ಲಿನಕ್ಸ್‌ನ ತಂತ್ರಾಂಶ ಭಂಡಾರದಿಂದಲೇ ಪಡೆಯಬೇಕು. ಪ್ರತಿಗಳ ಮೇಲೆ ಪ್ರಯೋಗ ನಡೆಸಿ, ಪುಟಗಳ ಸಂಖ್ಯೆ, ಕನ್ನಡ ಅಕ್ಷರಗಳು, ಸ್ಕ್ಯಾನ್ ಮಾಡಿದ ಮುದ್ರೆಗಳು ಸರಿಯಾಗಿವೆಯೇ ಎಂದು ಪರಿಶೀಲಿಸಬೇಕು. ಬಹುಮುಖ್ಯವಾಗಿ, ಡಿಜಿಟಲ್ ಸಹಿಯುಳ್ಳ ಕಡತದ ಪುಟಗಳನ್ನು ಮರುಜೋಡಿಸಿ ಉಳಿಸಿದರೆ ಆ ಹೊಸ ಕಡತದಲ್ಲಿ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಅಂಥ ಮೂಲಪ್ರತಿಗಳನ್ನು ಮುಟ್ಟದೆ ಪ್ರತ್ಯೇಕವಾಗಿ ಇಡಬೇಕು.

ಸದಸ್ಯರು ತಮ್ಮ ಕಚೇರಿಯ ತಂತ್ರಾಂಶಗಳ ಪಟ್ಟಿಯನ್ನು ಒಮ್ಮೆ ಬರೆದು, ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ ಹಾಕಿಕೊಳ್ಳುವುದು ಒಳಿತು: ಇದರ ಹೊಸ ಆವೃತ್ತಿ ಕೊನೆಯ ಬಾರಿ ಬಂದದ್ದು ಯಾವಾಗ? ಇದು ನಿಂತರೆ ನಮ್ಮ ಲೆಕ್ಕಪತ್ರಗಳನ್ನು ಬೇರೆ ಯಾವುದು ಓದಬಲ್ಲದು? ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದ ಕಡೆಯಿಂದಲೇ ಬದಲಾವಣೆ ಆರಂಭವಾಗಲಿ.