ಗುಪ್ತರೋಗದ ಹುಣ್ಣು ಮತ್ತು ಎಚ್‌ಐವಿ ಸೋಂಕು

ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ಲಾರಿ ನಡೆಸುವವರೂ ದುಡಿಮೆಗಾಗಿ ಈ ನಗರಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವವರೂ ಈ ಸೀಮೆಯಲ್ಲಿದ್ದಾರೆ. ಮನೆ ಬಿಟ್ಟು ದುಡಿಯುವುದು ದೋಷವಲ್ಲ. ಆದರೆ ಜನನೇಂದ್ರಿಯದ ಮೇಲೆ ಎದ್ದ ಹುಣ್ಣನ್ನು ನಾಚಿಕೆಯಿಂದ ಮುಚ್ಚಿಡುವುದು ಪತಿ-ಪತ್ನಿಯರಿಬ್ಬರಿಗೂ ಅಪಾಯಕಾರಿ.

ಸಿಫಿಲಿಸ್, ಹರ್ಪಿಸ್ ಮೊದಲಾದ ರೋಗಗಳಲ್ಲಿ ಚರ್ಮವು ಒಡೆದು ಹುಣ್ಣಾಗುತ್ತದೆ. ಎಚ್‌ಐವಿ ಎಂಬ ವಿಷಾಣುವಿಗೆ ಅದೇ ತೆರೆದ ಬಾಗಿಲು. ಅಷ್ಟೇ ಆಗಿದ್ದರೆ ಹುಣ್ಣು ಮಾಯ್ದೊಡನೆ ಭಯವೂ ತೀರಬೇಕಿತ್ತು. ವಿಷಯ ಇನ್ನೂ ಸೂಕ್ಷ್ಮವಾದುದು. ಕಣಕ್ಕೆ ಬೆಂಕಿ ಬಿದ್ದಾಗ ಊರವರೆಲ್ಲ ಓಡಿ ಬರುವಂತೆ, ಸೋಂಕು ತಗುಲಿದ ಜಾಗಕ್ಕೆ ದೇಹವನ್ನು ಕಾಯುವ ಬಿಳಿ ರಕ್ತಕಣಗಳು ಧಾವಿಸುತ್ತವೆ. ಇವುಗಳಲ್ಲಿ ಸಿಡಿ4 ಎಂಬ ಕಣಗಳೂ ಇರುತ್ತವೆ. ಎಚ್‌ಐವಿ ಹೊಕ್ಕು ಬೆಳೆಯುವುದು ಮುಖ್ಯವಾಗಿ ಈ ಕಣಗಳಲ್ಲಿಯೇ! ಕಾಯಲು ಬಂದವರೇ ಹಗೆಗೆ ತುತ್ತಾಗುತ್ತಾರೆ. ಗನೋರಿಯಾದಂತಹ ರೋಗಗಳಲ್ಲಿ ಹುಣ್ಣು ಕಾಣದಿದ್ದರೂ ಒಳಪೊರೆ ಉರಿಗೊಂಡು ಇದೇ ಪರಿಣಾಮ ಉಂಟಾಗುತ್ತದೆ. ಸ್ತ್ರೀಯರಲ್ಲಿ ಅನೇಕ ವೇಳೆ ಯಾವ ಲಕ್ಷಣವೂ ತೋರುವುದಿಲ್ಲ.

ಪುಣೆಯ ಚಿಕಿತ್ಸಾಲಯಗಳಿಗೆ ಬಂದವರನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಸದಾಗಿ ಹರ್ಪಿಸ್ ತಗುಲಿದವರಿಗೆ ಎಚ್‌ಐವಿ ಅಂಟುವ ಸಂಭವವು ಹರ್ಪಿಸ್ ಇಲ್ಲದವರಿಗಿಂತ 3 ಪಟ್ಟಿಗೂ ಮಿಗಿಲೆಂದು ಕಂಡುಬಂದಿತು. ಹರ್ಪಿಸ್ ಹುಣ್ಣು ಮಾಯ್ದು ಚರ್ಮ ಕೂಡಿದ ಬಳಿಕವೂ ಆ ಕಣಗಳು ವಾರಗಟ್ಟಲೆ ಅಲ್ಲಿಯೇ ನೆಲೆಸಿರುತ್ತವೆಂದು 2009ರಲ್ಲಿ ತಿಳಿದುಬಂದಿತು. ಹರ್ಪಿಸ್‌ಗೆ ಔಷಧಿ ಸೇವಿಸಿದವರಲ್ಲಿಯೂ ಎಚ್‌ಐವಿ ತಗುಲುವುದು ಕಡಿಮೆಯಾಗದಿರಲು ಇದೂ ಒಂದು ಕಾರಣವಿರಬೇಕು. ಆದುದರಿಂದ ಹುಣ್ಣು ಮಾಯ್ದಿತೆಂದು ನಿರೋಧ್ ಬಳಕೆಯನ್ನು ಬಿಡಬಾರದು.

ಸಿಫಿಲಿಸ್, ಗನೋರಿಯಾಗಳು ಮಾತ್ರ ತಕ್ಕ ಔಷಧಿಯಿಂದ ಪೂರ್ಣವಾಗಿ ಗುಣವಾಗುತ್ತವೆ. ಹುಣ್ಣು, ಉರಿಮೂತ್ರ, ಕೀವು, ದುರ್ವಾಸನೆಯ ಬಿಳಿಸೆರಗು ಕಂಡರೆ ವೈದ್ಯರಿಗೆ ತೋರಿಸಬೇಕು. (ವಾಸನೆ, ತುರಿಕೆಗಳಿಲ್ಲದ ಅಲ್ಪ ಬಿಳಿಸೆರಗು ಸಹಜ; ಅದಕ್ಕೆ ಹೆದರಬೇಕಾಗಿಲ್ಲ.) ಗುಪ್ತರೋಗವೆಂದು ವೈದ್ಯರು ಹೇಳಿದಲ್ಲಿ ದಂಪತಿಗಳಿಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯತಕ್ಕದ್ದು. ಒಬ್ಬರೇ ಔಷಧಿ ಸೇವಿಸಿದರೆ ರೋಗವು ಮತ್ತೊಬ್ಬರಿಂದ ಮರಳಿ ಬರುತ್ತದೆ. ಸಂತೆಯ ಗುಳಿಗೆ, ಲೇಪಗಳಿಂದ ಹುಣ್ಣು ಮರೆಯಾದರೂ ಸಿಫಿಲಿಸ್ ಒಳಗೇ ಉಳಿಯುತ್ತದೆ. ಗರ್ಭದ ಶಿಶುವಿಗೂ ದಾಟಬಲ್ಲದು. ಗರ್ಭಿಣಿಯರ ರಕ್ತವನ್ನು ಈ ಎರಡೂ ಸೋಂಕುಗಳಿಗಾಗಿ ಪರೀಕ್ಷಿಸುವುದು ಈ ಕಾರಣದಿಂದಲೇ.

ಎಚ್‌ಐವಿ ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಸಿಕ್ಕದಿರಬಹುದಾದ್ದರಿಂದ 3 ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಸೋಂಕು ಇದ್ದರೂ ನಿತ್ಯ ಔಷಧಿಯಿಂದ ರಕ್ತದಲ್ಲಿ ವಿಷಾಣು ಕಾಣದಷ್ಟು ತಗ್ಗಿದವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಪರೀಕ್ಷೆಯ ಫಲವನ್ನು ಗೋಪ್ಯವಾಗಿಡಬೇಕೆಂದು 2017ರ ಕಾನೂನು ವಿಧಿಸಿದೆ. ಮಾಹಿತಿಗಾಗಿ 1097 ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ.