ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ದೊಡ್ಡ ಸೆಡಾನ್: ಸೀಟು ನೋಡಿ ಮರುಳಾಗಬೇಡಿ, ಜಾತಕ ನೋಡಿ

ಪುಣೆ, ಹೈದರಾಬಾದ್, ಚೆನ್ನೈನಲ್ಲಿ ಕೂತು ಆನ್‌ಸೈಟ್‌ಗೆ ಕಾಯ್ತಾ ಇರೋ ನಮ್ಮವರಿಗೆ ವೀಸಾ, ಮನೆ ಬಾಡಿಗೆ ಆದ ಮೇಲೆ ಮೂರನೇ ಚಿಂತೆ ಕಾರು. ನ್ಯೂಯಾರ್ಕ್ ಅಥವಾ ಶಿಕಾಗೋ ಊರೊಳಗೆ ಇದ್ದರೆ ರೈಲಿನಲ್ಲಿ ಹೇಗೋ ನಡೆಯುತ್ತೆ. ಕ್ಲೈಂಟ್ ಆಫೀಸು ಡಲ್ಲಾಸ್ ಪಕ್ಕದ ಪ್ಲೇನೋದಲ್ಲೋ, ಒಹಾಯೋದ ಕೊಲಂಬಸ್‌ನಲ್ಲೋ ಇದ್ದರೆ ಕಾರಿಲ್ಲದೆ ಹಾಲು ತರೋದೂ ಕಷ್ಟ.

ಯಾರನ್ನು ಕೇಳಿದರೂ "ಕ್ಯಾಮ್ರಿ ತಗೋ, ಅಕಾರ್ಡ್ ತಗೋ" ಅಂತಾರೆ. ತಪ್ಪಲ್ಲ. ಆದರೆ ಎಲ್ಲರೂ ಅದನ್ನೇ ಕೇಳೋದರಿಂದ ಹಳೇ ಗಾಡಿಗೂ ಬೆಲೆ ಇಳಿಯಲ್ಲ. ಅದೇ ದುಡ್ಡಿಗೆ, ಅದಕ್ಕಿಂತ ಕಡಿಮೆ ಓಡಿರೋ ಶೆವರ್ಲೆ ಇಂಪಾಲ, ಫೋರ್ಡ್ ಟಾರಸ್ ಅಥವಾ ಕ್ರೈಸ್ಲರ್ 300 ಪಕ್ಕದಲ್ಲೇ ನಿಂತಿರುತ್ತೆ. ಯಾಕೆ ಅಗ್ಗ? ಅಮೆರಿಕದ ಜನ ಸೆಡಾನ್ ಬಿಟ್ಟು ಎಸ್‌ಯುವಿ ಹಿಂದೆ ಹೋದರು. ಅಲ್ಲಿ ಟಾರಸ್ ತಯಾರಿಕೆ 2019ರಲ್ಲಿ ನಿಂತಿತು, ಇಂಪಾಲ 2020ರಲ್ಲಿ, ಕ್ರೈಸ್ಲರ್ 300 2023ರ ಕೊನೆಗೆ. ಗಾಡಿ ಕೆಟ್ಟದ್ದು ಅಂತಲ್ಲ, ಕೇಳೋರು ಕಡಿಮೆ ಅಷ್ಟೇ. ನಮಗೆ ಅನುಕೂಲ ಅಲ್ಲೇ ಇದೆ, ಗುಂಡಿಯೂ ಅಲ್ಲೇ ಇದೆ.

ಗುಂಡಿಗೆ ನಾನು ಬಿದ್ದಿದ್ದೇನೆ, ಅದನ್ನೇ ಮೊದಲು ಹೇಳ್ತೀನಿ. ಮೊದಲ ಸಲ ಹೋದಾಗ ಒಂದು ಸಣ್ಣ ಡೀಲರ್ ಹತ್ತಿರ ದೊಡ್ಡ ಸೆಡಾನ್ ನೋಡಿದೆ. ಸೀಟು ಸೋಫಾ ಇದ್ದ ಹಾಗೆ. ಅರ್ಧ ಗಂಟೆ ಓಡಿಸಿ ಸಹಿ ಹಾಕಿದೆ. ನಾಲ್ಕನೇ ದಿನ ಚೆಕ್ ಎಂಜಿನ್ ದೀಪ ಹತ್ತಿತು. ಮೆಕ್ಯಾನಿಕ್ ನೋಡಿ, ಎಕ್ಸಾಸ್ಟ್‌ನಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹಳೇ ಕೋಡನ್ನು ಯಾರೋ ಅಳಿಸಿದ್ದಾರೆ ಅಂದ. ರಿಪೇರಿಗೆ 1,800 ಡಾಲರ್. ಡೀಲರ್ ನನ್ನ ಸಹಿ ಇದ್ದ ಕಾಗದ ತೋರಿಸಿದ: "ಆಸ್ ಈಸ್", ಅಂದ್ರೆ ಇದ್ದ ಹಾಗೆ ಮಾರಿದ್ದು, ಮುಂದಿನದು ನಿಮ್ಮ ಪಾಡು. ಊರಿಗೆ ಕಳಿಸಬೇಕಿದ್ದ ಎರಡು ತಿಂಗಳ ದುಡ್ಡು ಗ್ಯಾರೇಜಿಗೆ ಹೋಯ್ತು.

ಅವತ್ತು ಕಲಿತದ್ದು ಇಷ್ಟೇ: ಮಾಡೆಲ್ ನೋಡಿ ಕೊಳ್ಳಬೇಡಿ, ಆ ಒಂದು ಗಾಡಿ ಇಲ್ಲೀವರೆಗೆ ಹೇಗೆ ಬಾಳಿದೆ ಅಂತ ನೋಡಿ ಕೊಳ್ಳಿ.

ಮೊದಲು, ದೊಡ್ಡ ಗಾಡಿ ಬೇಕಾ?

ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಒಳಗಿನ ಜಾಗ, ಡಿಕ್ಕಿ ಸೇರಿ 120 ಘನ ಅಡಿ ದಾಟಿದರೆ ಅದು ದೊಡ್ಡ ಸೆಡಾನ್. ಇಂಪಾಲದ ಉದ್ದ 5.1 ಮೀಟರ್, ನಮ್ಮ ಹೋಂಡಾ ಸಿಟಿಗಿಂತ ಅರ್ಧ ಮೀಟರಿಗೂ ಹೆಚ್ಚು. ಅಪ್ಪ ಅಮ್ಮ ಬಂದಾಗ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಸೋ ಮಟ್ಟಿಗೆ ಡಿಕ್ಕಿ. ಹೈವೇಯಲ್ಲಿ ಐದು ಗಂಟೆ ಓಡಿಸಿದರೂ ಬೆನ್ನು ನೋಯಲ್ಲ. ಆದರೆ ರಸ್ತೆಯ ಬಲಗಡೆ ಓಡಿಸೋದನ್ನೇ ಹೊಸದಾಗಿ ಕಲೀತಾ ಇರೋರಿಗೆ ಇಷ್ಟುದ್ದದ ಗಾಡಿಯ ಪಾರ್ಕಿಂಗ್ ಮೊದಮೊದಲು ಕಷ್ಟ.

ಈಗ ಪೆಟ್ರೋಲ್ ಲೆಕ್ಕ. ವಿ-6 ಎಂಜಿನ್ ಇಂಪಾಲ ಗ್ಯಾಲನ್‌ಗೆ ಸುಮಾರು 22 ಮೈಲಿ ಕೊಡುತ್ತೆ. ನಮ್ಮ ಭಾಷೆಯಲ್ಲಿ ಲೀಟರ್‌ಗೆ ಒಂಬತ್ತು ಚಿಲ್ಲರೆ ಕಿಲೋಮೀಟರ್. 2018ರ ನಾಲ್ಕು ಸಿಲಿಂಡರ್ ಕ್ಯಾಮ್ರಿ ಸುಮಾರು 32 ಮೈಲಿ ಕೊಡುತ್ತೆ. ವರ್ಷಕ್ಕೆ 12,000 ಮೈಲಿ ಓಡಿಸಿದರೆ ಇಂಪಾಲಕ್ಕೆ 545 ಗ್ಯಾಲನ್, ಕ್ಯಾಮ್ರಿಗೆ 375. ಗ್ಯಾಲನ್‌ಗೆ ಮೂರೂವರೆ ಡಾಲರ್ ಅಂತ ಹಿಡಿದರೆ ವ್ಯತ್ಯಾಸ ವರ್ಷಕ್ಕೆ ಸುಮಾರು 600 ಡಾಲರ್. ಎರಡು ವರ್ಷದ ಪ್ರಾಜೆಕ್ಟ್ ಆದರೆ 1,200. ಅಂದ್ರೆ ಕೊಳ್ಳುವಾಗ ಕನಿಷ್ಠ ಎರಡು ಸಾವಿರ ಡಾಲರ್ ಉಳಿಯದಿದ್ದರೆ ದೊಡ್ಡ ಗಾಡಿಯಿಂದ ಲಾಭ ಇಲ್ಲ. ಮಾರುವಾಗಲೂ ಕೇಳೋರು ಕಡಿಮೆ, ಅದನ್ನೂ ನೆನಪಿಡಿ.

ಯಾವ ಗಾಡಿಯಲ್ಲಿ ಏನು ನೋಡಬೇಕು?

ಇಂಪಾಲದಲ್ಲಿ 2014ರಿಂದ ಬಂದ ಹೊಸ ರೂಪ ಚೆನ್ನಾಗಿದೆ. ಆದರೆ 2014ರಿಂದ 2016ರವರೆಗೆ "ಇಂಪಾಲ ಲಿಮಿಟೆಡ್" ಅಂತ ಇನ್ನೊಂದು ಬಂತು. ಹೆಸರು ಕೇಳಿ ಟಾಪ್ ಮಾಡೆಲ್ ಅಂದ್ಕೋಬೇಡಿ. ಅದು ಹಳೇ ಇಂಪಾಲವೇ, ಬಾಡಿಗೆ ಕಂಪನಿ ಮತ್ತು ಸರ್ಕಾರಿ ಇಲಾಖೆಗಳಂಥ ಸಗಟು ಗಿರಾಕಿಗಳಿಗೆ ಅಂತಲೇ ಮಾಡಿದ್ದು.

ಟಾರಸ್‌ನ 3.5 ಲೀಟರ್ ಎಂಜಿನ್‌ನಲ್ಲಿ ವಾಟರ್ ಪಂಪ್ ಎಂಜಿನ್ ಒಳಗೇ ಇದೆ, ಟೈಮಿಂಗ್ ಚೈನ್‌ನಿಂದ ತಿರುಗುತ್ತೆ. ಸೋರಿದರೆ ಕೂಲಂಟ್ ಎಂಜಿನ್ ಆಯಿಲ್‌ಗೆ ಸೇರಬಹುದು. ಪಂಪ್ ಬೆಲೆ ದೊಡ್ಡದಲ್ಲ, ಅದನ್ನು ತಲುಪೋಕೆ ಎಂಜಿನ್ ಬಿಚ್ಚೋ ಕೂಲಿ ದೊಡ್ಡದು. ಒಂದು ಲಕ್ಷ ಮೈಲಿ ಹತ್ತಿರ ಬಂದಿದ್ದರೆ ಪಂಪ್ ಬದಲಾಯಿಸಿದ ಬಿಲ್ ಇದೆಯಾ ಅಂತ ಕೇಳಿ.

ಕ್ರೈಸ್ಲರ್ 300 ಹಿಂದಿನ ಚಕ್ರದಿಂದ ಓಡೋ ಗಾಡಿ. ಟೆಕ್ಸಾಸ್‌ನಲ್ಲಿ ಸುಖ, ಹಿಮ ಬೀಳೋ ಊರಿನಲ್ಲಿ ವಿಂಟರ್ ಟೈರ್ ಅಥವಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಮಾದರಿ ಬೇಕು. 2005ರಿಂದ 2010ರ ಕ್ರೈಸ್ಲರ್ 300 ಮತ್ತು ಡಾಡ್ಜ್ ಚಾರ್ಜರ್‌ಗಳಿಗೆ ಟಕಾಟಾ ಏರ್‌ಬ್ಯಾಗ್ ತೊಂದರೆ ಇತ್ತು. ಬದಲಾಯಿಸೋವರೆಗೆ ಓಡಿಸಲೇಬೇಡಿ ಅಂತ 2022ರ ನವೆಂಬರ್‌ನಲ್ಲಿ ಕಂಪನಿಯೇ ಹೇಳಿತು.

ಜಾತಕ ನೋಡೋದು ಹೇಗೆ?

ಪ್ರತಿ ಗಾಡಿಗೂ 17 ಅಕ್ಷರದ ವಿನ್ ನಂಬರ್ ಇದೆ. ಅದನ್ನು ಹೆದ್ದಾರಿ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಇರೋ ರೀಕಾಲ್ ಪುಕ್ಕಟೆ ಗೊತ್ತಾಗುತ್ತೆ. ರೀಕಾಲ್ ರಿಪೇರಿ ಸಾಮಾನ್ಯವಾಗಿ ಕಂಪನಿ ಡೀಲರ್ ಹತ್ತಿರ ಉಚಿತ. ಆದರೆ ರೀಕಾಲ್ ಬಾಕಿ ಇರೋ ಹಳೇ ಗಾಡಿ ಮಾರೋದಕ್ಕೆ ಅಲ್ಲಿನ ಕೇಂದ್ರ ಕಾನೂನಿನ ತಡೆ ಇಲ್ಲ, ಹಾಗಾಗಿ ನೋಡೋ ಹೊಣೆ ನಿಮ್ಮದೇ. ಕಾರ್‌ಫ್ಯಾಕ್ಸ್ ಥರದ ವರದಿ ತಗೊಂಡರೆ ಎಷ್ಟು ಕೈ ಬದಲಾಗಿದೆ, ಬಾಡಿಗೆಗೆ ಓಡಿದ್ದಾ, ಯಾವ ರಾಜ್ಯಗಳಲ್ಲಿ ಇತ್ತು ಅನ್ನೋದು ಸಿಗುತ್ತೆ. ವರದಿಯಲ್ಲಿ ಬರದ ಅಪಘಾತಗಳೂ ಇರ್ತವೆ, ಅದನ್ನೊಂದೇ ನಂಬಬೇಡಿ.

ಟೈಟಲ್ ಅಂದ್ರೆ ನಮ್ಮ ಆರ್‌ಸಿ ಇದ್ದ ಹಾಗೆ. "ಕ್ಲೀನ್" ಅಂತಿರಬೇಕು. "ಸಾಲ್ವೇಜ್" ಅಥವಾ "ರೀಬಿಲ್ಟ್" ಅಂತಿದ್ದರೆ ಇನ್ಶೂರೆನ್ಸ್‌ನವರು ಒಮ್ಮೆ ಕೈಬಿಟ್ಟ ಗಾಡಿ ಅದು. ಒಹಾಯೋ, ಮಿಶಿಗನ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಬಗ್ಗಿ ತಳದ ತುಕ್ಕು ನೋಡಿ. ಫ್ಲೋರಿಡಾ, ಹ್ಯೂಸ್ಟನ್ ಕಡೆಯದಾದರೆ ಪ್ರವಾಹದಲ್ಲಿ ಮುಳುಗಿತ್ತಾ ಅಂತ ಕಾರ್ಪೆಟ್ ಎತ್ತಿ ನೋಡಿ, ಮೂಸಿ ನೋಡಿ.

ಇನ್ನು ನನ್ನನ್ನು ಬೀಳಿಸಿದ ವಿಷಯ. 1996ರ ನಂತರದ ಎಲ್ಲ ಕಾರುಗಳಲ್ಲೂ ಸ್ಟೀರಿಂಗ್ ಕೆಳಗೆ ಓಬಿಡಿ ಪೋರ್ಟ್ ಇರುತ್ತೆ. ಇಪ್ಪತ್ತು ಮೂವತ್ತು ಡಾಲರ್ ಸ್ಕ್ಯಾನರ್ ಹಾಕಿ, ಕೋಡ್ ಮಾತ್ರ ಅಲ್ಲ, "ರೆಡಿನೆಸ್" ನೋಡಿ. ಕೋಡ್ ಅಳಿಸಿದರೆ ಗಾಡಿಯ ಸೆಲ್ಫ್ ಟೆಸ್ಟ್‌ಗಳೂ ರೀಸೆಟ್ ಆಗ್ತವೆ, ಮತ್ತೆ ಮುಗಿಯೋಕೆ ಕೆಲವು ದಿನ ಓಡಿಸಬೇಕು. ಹಲವು ಟೆಸ್ಟ್ "ನಾಟ್ ರೆಡಿ" ಅಂತಿದ್ದರೆ ಯಾರೋ ಲಾಗ್ ಡಿಲೀಟ್ ಮಾಡಿರಬಹುದು ಅಂತ ಅರ್ಥ. ಬ್ಯಾಟರಿ ಬದಲಾಯಿಸಿದ್ದು ಅಂತ ಹೇಳಿದರೆ, "ಸರಿ, ಮುಂದಿನ ವಾರ ಬರ್ತೀನಿ" ಅನ್ನಿ. ಕೊನೆಗೆ ನೀವೇ ಹುಡುಕಿದ ಮೆಕ್ಯಾನಿಕ್‌ಗೆ ನೂರು ಇನ್ನೂರು ಡಾಲರ್ ಕೊಟ್ಟು ತೋರಿಸಿ. ಮಾರೋನು ಬೇಡ ಅಂದರೆ ಉತ್ತರ ಸಿಕ್ಕಿತು ಅಂತ ಎದ್ದು ಬನ್ನಿ. ಮೂರು ದಿನದಲ್ಲಿ ವಾಪಸ್ ಕೊಡಬಹುದು ಅನ್ನೋ ಮಾತು ನಂಬಬೇಡಿ, ಡೀಲರ್ ಜಾಗದಲ್ಲಿ ಕೊಂಡ ಕಾರಿಗೆ ಅಂಥ ಕೇಂದ್ರ ನಿಯಮ ಇಲ್ಲ.

ಸಾಲ, ವಿಮೆ, ವೀಸಾ

ಹೊಸದಾಗಿ ಹೋದವರಿಗೆ ಕ್ರೆಡಿಟ್ ಸ್ಕೋರ್ ಇರಲ್ಲ, ಬಡ್ಡಿ ಹೆಚ್ಚು ಬೀಳುತ್ತೆ. ಎಚ್-1ಬಿ, ಎಲ್-1ನಲ್ಲಿ ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಆ ಅರವತ್ತು ದಿನದಲ್ಲಿ ಕೆಲಸ ಹುಡುಕೋದಾ, ಮನೆ ಖಾಲಿ ಮಾಡೋದಾ, ಸಾಲ ಇರೋ ದೊಡ್ಡ ಸೆಡಾನ್‌ಗೆ ಗಿರಾಕಿ ಹುಡುಕೋದಾ? ಆದಷ್ಟು ಪೂರ್ತಿ ಹಣ ಕೊಟ್ಟು, ಕೈಗೆಟುಕೋ ಗಾಡಿ ತಗೊಳ್ಳಿ. ರಿಪೇರಿಗೆ ಅಂತ ಸಾವಿರ ಡಾಲರ್ ಪಕ್ಕಕ್ಕಿಡಿ.

ವಿಮೆಯಲ್ಲಿ ಮಾತ್ರ ಜುಗ್ಗತನ ಬೇಡ. ಟೆಕ್ಸಾಸ್‌ನಲ್ಲಿ ಎದುರಿನವರ ಆಸ್ತಿ ಹಾನಿಗೆ ಕನಿಷ್ಠ ಕವರ್ 25,000 ಡಾಲರ್. ಒಂದು ಹೊಸ ಪಿಕಪ್‌ಗೆ ಜೋರಾಗಿ ಗುದ್ದಿದರೆ ಅದು ಸಾಲದೇ ಹೋಗಬಹುದು. ಸಹಿ ಹಾಕೋ ಮೊದಲೇ ವಿನ್ ನಂಬರ್ ಕೊಟ್ಟು ಪ್ರೀಮಿಯಂ ಕೇಳ್ಕೊಳ್ಳಿ.

ದೊಡ್ಡ ಸೆಡಾನ್ ಒಳ್ಳೇ ಆಯ್ಕೆನಾ? ಒಬ್ಬರೇ ಓನರ್, ಸರ್ವಿಸ್ ಬಿಲ್‌ಗಳು, ತುಕ್ಕಿಲ್ಲದ ತಳ, ರೆಡಿನೆಸ್ ಪೂರ್ತಿ, ಬೆಲೆಯಲ್ಲಿ ಎರಡು ಸಾವಿರ ಉಳಿತಾಯ, ಇಷ್ಟೂ ಸಿಕ್ಕಿದರೆ ಧಾರಾಳವಾಗಿ ತಗೊಳ್ಳಿ. ಒಂದು ತಪ್ಪಿದರೂ ಇನ್ನೊಂದು ವಾರ ಸಹೋದ್ಯೋಗಿ ಕಾರಿನಲ್ಲಿ ಆಫೀಸಿಗೆ ಹೋಗಿ. ಆ ಸಂಕೋಚ ಒಂದು ವಾರದ್ದು, ಕೆಟ್ಟ ಗಾಡಿ ಎರಡು ವರ್ಷದ್ದು.